ಮೀನು ಯಾವ ಕಾಲಮ್ಮಿಗೆ ಸೇರುತ್ತದೆ? ಅಣೆಕಟ್ಟಿನ ಕೆಳಗಿನ ಕೊಲರಾಡೊ ನದಿ ಮತ್ತು ಝುನಿ ಜನರ ನಿಗಾ

ರಾತ್ರಿ ಹೊತ್ತು. ಅಮೆರಿಕದ ಕೊಲರಾಡೊ ನದಿಯಲ್ಲಿ ಒಂದು ದೋಣಿ ದಡಕ್ಕೆ ಒತ್ತಿಕೊಂಡು ನಿಧಾನವಾಗಿ ಸಾಗುತ್ತದೆ. ಮುಂದೆ ದೀಪಗಳು, ಹಿಂದೆ ಜನರೇಟರ್ ಸದ್ದು. ನೀರಿಗೆ ಇಳಿಬಿಟ್ಟ ಲೋಹದ ತುದಿಗಳಿಂದ ಕರೆಂಟು ಹರಿಯುತ್ತದೆ. ಕೆಲವೇ ಕ್ಷಣಗಳಲ್ಲಿ ಮೀನುಗಳು ಮಂಪರು ಹತ್ತಿದ ಹಾಗೆ ಮೇಲಕ್ಕೆ ತೇಲುತ್ತವೆ. ದೋಣಿಯ ಮುಂಭಾಗದಲ್ಲಿ ನಿಂತವರು ಉದ್ದ ಹಿಡಿಯ ಬಲೆಯಿಂದ ಅವನ್ನು ಎತ್ತಿ ತೊಟ್ಟಿಗೆ ಹಾಕುತ್ತಾರೆ. ಈ ನದಿಯದೇ ಮೀನಾದರೆ ಅಳತೆ ತೆಗೆದು ವಾಪಸ್ ನೀರಿಗೆ ಬಿಡುತ್ತಾರೆ. ಹೊರಗಿನಿಂದ ಬಂದ ತಳಿಯಾದರೆ ಕೊಲ್ಲುತ್ತಾರೆ.

2003ರ ಜನವರಿಯಿಂದ 2006ರ ಆಗಸ್ಟ್‌ವರೆಗೆ ಗ್ರ್ಯಾಂಡ್ ಕ್ಯಾನ್ಯನ್ ಒಳಗೆ, ಸುಮಾರು 15 ಕಿಲೋಮೀಟರ್ ಉದ್ದದ ಒಂದೇ ಪಟ್ಟಿಯಲ್ಲಿ ಈ ಕೆಲಸ ಮತ್ತೆ ಮತ್ತೆ ನಡೆಯಿತು. ಸಿಕ್ಕ ಹೊರಗಿನ ಮೀನುಗಳ ಲೆಕ್ಕ 23,266. ಅದರಲ್ಲಿ 19,020 ರೇನ್‌ಬೋ ಟ್ರೌಟ್. ಮಾಡಿದವರು ಕೆಟ್ಟವರಲ್ಲ. ಅಳಿದು ಹೋಗುತ್ತಿದ್ದ ಒಂದು ಮೀನನ್ನು ಉಳಿಸಬೇಕು ಅಂತ ಹೊರಟವರು. ಆದರೆ ಅದೇ ನದಿಯ ಮೇಲೆ ಆ ಹೊತ್ತಿಗಾಗಲೇ ವರ್ಷಗಳಿಂದ ನಿಗಾ ಇಡುತ್ತಿದ್ದ ಝುನಿ ಎಂಬ ಮೂಲನಿವಾಸಿ ಸಮುದಾಯಕ್ಕೆ ಆ ಅಂಕಿ ಬರೀ ಅಂಕಿಯಾಗಿರಲಿಲ್ಲ. ನೀರಿನಲ್ಲಿರುವ ಜೀವಿಗಳೆಲ್ಲ ಅವರಿಗೆ ಬಂಧುಗಳು.

ನಿಗಾ ಇಡಲು ಕರೆಸಿಕೊಂಡವರ ಕಣ್ಣಿಗೆ ಕಂಡದ್ದು, ಕರೆದವರ ಲೆಕ್ಕಕ್ಕೆ ಬರಲು ಯಾಕೆ ಅಷ್ಟು ವರ್ಷ ಹಿಡಿಯಿತು? ಈ ಬರಹ ಆ ಪ್ರಶ್ನೆಯ ಹಿಂದೆ ಹೋಗುತ್ತದೆ. ಇದರಲ್ಲಿ ಯಾವ ವ್ಯಕ್ತಿಯ ಹೆಸರನ್ನೂ ಹಾಕಿಲ್ಲ. ಝುನಿಗಳು ತಾವಾಗಿಯೇ ಬಹಿರಂಗವಾಗಿ ಹೇಳಿರುವ ಜಾಗಗಳನ್ನು ಬಿಟ್ಟು ಬೇರೆ ಯಾವ ಪವಿತ್ರ ಜಾಗದ ಗುರುತನ್ನೂ ಕೊಟ್ಟಿಲ್ಲ.

ನದಿ, ಅಣೆಕಟ್ಟು, ಮರಳು

ಅರಿಜೋನಾ ರಾಜ್ಯದ ಉತ್ತರದ ಅಂಚಿನಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಇದೆ. ಎತ್ತರ 710 ಅಡಿ. 1956ರಲ್ಲಿ ಕೆಲಸ ಶುರುವಾಗಿ, 1963ರ ಮಾರ್ಚಿನಲ್ಲಿ ನೀರು ನಿಲ್ಲಿಸಿದರು. ಹಿಂದೆ ನಿಂತ ಲೇಕ್ ಪವೆಲ್ ಪೂರ್ತಿ ತುಂಬಿದ್ದು 1980ರಲ್ಲಿ. ಅಣೆಕಟ್ಟಿನಿಂದ ಸುಮಾರು 15 ಮೈಲಿ ಕೆಳಗೆ ಲೀಸ್ ಫೆರಿ ಎಂಬ ಜಾಗ. ನದಿಯ ಮೈಲಿ ಲೆಕ್ಕ ಅಲ್ಲಿಂದ ಶುರು. ಅಲ್ಲಿಂದ ಮುಂದೆ ನದಿ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಗೆ ಇಳಿಯುತ್ತದೆ.

ಮೊದಲು ಈ ನದಿ ಕೆಂಪಗಿತ್ತು. ಮಣ್ಣು, ಮರಳು ಹೊತ್ತು ತರುತ್ತಿತ್ತು. ವಸಂತದಲ್ಲಿ ಹಿಮ ಕರಗಿದಾಗ 80,000 ಕ್ಯೂಸೆಕ್ ದಾಟುವ ಪ್ರವಾಹ ಸಾಮಾನ್ಯವಾಗಿತ್ತು. ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟುವಷ್ಟು ತಣ್ಣಗೆ, ಬೇಸಿಗೆಯಲ್ಲಿ ಬೆಚ್ಚಗೆ. ಅಣೆಕಟ್ಟು ಬಂದ ಮೇಲೆ ಮರಳಿನ ಬಹುಪಾಲು ಮೇಲೆಯೇ ನಿಂತುಬಿಟ್ಟಿತು. ಜಲಾಶಯದ ಆಳದಿಂದ ಬರುವ ನೀರು ತಿಳಿ ಹಸಿರು, ವರ್ಷವಿಡೀ ತಣ್ಣಗೆ. ಕರೆಂಟಿನ ಬೇಡಿಕೆಗೆ ತಕ್ಕ ಹಾಗೆ ಒಂದೇ ದಿನದಲ್ಲಿ ನದಿ ಏರುವುದು, ಇಳಿಯುವುದು ಶುರುವಾಯಿತು.

ಮರಳಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಝುನಿಗಳ ನಿಗಾ ಶುರುವಾದದ್ದೇ ಇದರಿಂದ. ಮೊದಲು ಪ್ರವಾಹ ಬಂದು ಹೋದ ಮೇಲೆ ದಡದಲ್ಲಿ ಮರಳಿನ ದಿಣ್ಣೆಗಳು ಉಳಿಯುತ್ತಿದ್ದವು. ಗಾಳಿ ಆ ಮರಳನ್ನು ಮೇಲಕ್ಕೆ ತೂರಿ, ಎತ್ತರದ ತಟದಲ್ಲಿದ್ದ ಹಳೆಯ ಮನೆ ಗೋಡೆ, ಒಲೆಗುಂಡಿ, ಮಡಕೆ ಚೂರುಗಳ ಮೇಲೆ ಹೊದಿಕೆ ಹಾಸುತ್ತಿತ್ತು. ಮಳೆನೀರು ಅಲ್ಲಲ್ಲಿ ಸೀಳು ತೋಡಿದರೂ ಹೊಸ ಮರಳು ಬಂದು ಅದನ್ನು ಮುಚ್ಚುತ್ತಿತ್ತು. ಈಗ ದಿಣ್ಣೆ ಕರಗಿತು, ಗಾಳಿಗೆ ತೂರಲು ಮರಳಿಲ್ಲ. ಹೊದಿಕೆ ತೆಳುವಾಯಿತು. ಒಂದು ಜೋರು ಮಳೆಗೆ ಬಿದ್ದ ಸೀಳು ಮುಚ್ಚದೆ ಕೊರಕಲಾಗುತ್ತದೆ, ಮುಂದಿನ ಮಳೆಗೆ ಇನ್ನೂ ಆಳವಾಗುತ್ತದೆ. ನೂರಾರು ವರ್ಷ ಮಲಗಿದ್ದ ಗೋಡೆ ಹೊರಗೆ ಬಿದ್ದು ಕುಸಿಯುತ್ತದೆ.

ಝುನಿಗಳಿಗೆ ಈ ಕಣಿವೆ ಏನು

ಝುನಿಗಳು ತಮ್ಮನ್ನು ಆಶಿವಿ ಎಂದು ಕರೆದುಕೊಳ್ಳುತ್ತಾರೆ. ಅವರ ಊರು ಝುನಿ ಪ್ಯೂಬ್ಲೊ ಇರುವುದು ನ್ಯೂ ಮೆಕ್ಸಿಕೊ ರಾಜ್ಯದ ಪಶ್ಚಿಮದಲ್ಲಿ, ಗ್ರ್ಯಾಂಡ್ ಕ್ಯಾನ್ಯನ್‌ನಿಂದ ನೂರಾರು ಕಿಲೋಮೀಟರ್ ದೂರ. ಅವರ ನುಡಿಗೆ ಜಗತ್ತಿನಲ್ಲಿ ಹತ್ತಿರದ ನಂಟು ಇರುವ ಬೇರೆ ನುಡಿ ಇಲ್ಲ. ಇಷ್ಟು ದೂರದವರಿಗೆ ಆ ಕಣಿವೆಯಲ್ಲಿ ಏನು ಕೆಲಸ ಅಂತ ಅನ್ನಿಸಬಹುದು. ಅಧಿಕಾರಿಗಳಲ್ಲಿ ಹಲವರಿಗೂ ಮೊದಲು ಹಾಗೇ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಝುನಿಗಳ ಪ್ರಕಾರ ಅವರ ಪೂರ್ವಿಕರು ನೆಲದೊಳಗಿನ ಲೋಕದಿಂದ ಬೆಳಕಿಗೆ ಬಂದದ್ದು ಈ ಕಣಿವೆಯಲ್ಲೇ. ಆ ಜಾಗಕ್ಕೆ ಚಿಮಿಕ್ಯಾನಾಕ್ಯಾ ದೆಯಾ ಎನ್ನುತ್ತಾರೆ. ಪ್ರವಾಸಿಗಳಿಗೆ ಅದು ರಿಬ್ಬನ್ ಫಾಲ್ಸ್, ಬ್ರೈಟ್ ಏಂಜಲ್ ತೊರೆಯ ಪಕ್ಕದ ಒಂದು ಚೆಂದದ ಜಲಪಾತ. ಅಲ್ಲಿಂದ ಹೊರಟ ಪೂರ್ವಿಕರು ತಮ್ಮ ನೆಲೆ ಹುಡುಕುತ್ತಾ ನದಿಗಳ ಜಾಡಿನಲ್ಲಿ ನಡೆದರು, ದಾರಿಯಲ್ಲಿ ಊರು ಕಟ್ಟಿದರು, ಸತ್ತವರನ್ನು ಹೂಳಿದರು, ಮುಂದೆ ಸಾಗಿದರು. ಕೊನೆಗೆ ಈಗಿನ ಝುನಿ ಸಿಕ್ಕಿತು.

ನೀರಿನ ದಾರಿಯೂ ಅದೇ. ಝುನಿ ಊರಿನ ಪಕ್ಕ ಹರಿಯುವ ಸಣ್ಣ ಝುನಿ ನದಿ ಲಿಟಲ್ ಕೊಲರಾಡೊಗೆ ಸೇರುತ್ತದೆ. ಲಿಟಲ್ ಕೊಲರಾಡೊ ಹೋಗಿ ಕೊಲರಾಡೊ ನದಿಗೆ 61ನೇ ಮೈಲಿಯಲ್ಲಿ ಸೇರುತ್ತದೆ. ಝುನಿಗಳು ಈ ನೀರನ್ನು ಹೊಕ್ಕುಳಬಳ್ಳಿ ಎನ್ನುತ್ತಾರೆ. ಊರನ್ನೂ ಹುಟ್ಟಿದ ಜಾಗವನ್ನೂ ಕಟ್ಟಿಹಾಕಿರುವ ಬಳ್ಳಿ. ಪೂರ್ವಿಕರು ದಾರಿಯಲ್ಲಿ ನದಿ ದಾಟುವಾಗ ತಾಯಂದಿರ ಕೈಯಿಂದ ಮಕ್ಕಳು ನೀರಿಗೆ ಜಾರಿ, ಮೀನು, ಕಪ್ಪೆ, ಆಮೆ, ನೀರುಹಾವುಗಳಾದರು ಎಂಬುದು ಅವರ ಕಥನ. ಹಾಗಾಗಿ ನೀರಿನ ಜೀವಿಗಳನ್ನು ಬಂಧು ಅನ್ನುವುದು ಅವರಲ್ಲಿ ಮಾತಿನ ಅಲಂಕಾರ ಅಲ್ಲ. ನನ್ನ ಮಟ್ಟಿಗೆ ಈ ಪ್ರಕರಣದ ಬೀಗದ ಕೈ ಇದೇ. ಇದನ್ನು ಸಂಪ್ರದಾಯದ ಕಥೆ ಅಂತ ಪಕ್ಕಕ್ಕಿಟ್ಟರೆ ಮುಂದಿನ ಯಾವುದೂ ಅರ್ಥ ಆಗುವುದಿಲ್ಲ.

ಮೇಜಿನ ಬಳಿ ಒಂದು ಕುರ್ಚಿ

ಅಣೆಕಟ್ಟು ಕಟ್ಟುವಾಗ ಯಾರೂ ಝುನಿಗಳನ್ನು ಕೇಳಿರಲಿಲ್ಲ. ಕೆಳಗಿನ ಕಣಿವೆಗೆ ಏನಾಗುತ್ತಿದೆ ಎಂಬ ಸರ್ಕಾರಿ ಅಧ್ಯಯನ ಶುರುವಾದದ್ದೇ 1982ರಲ್ಲಿ. 1992ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಸಂರಕ್ಷಣಾ ಕಾಯ್ದೆ ಬಂತು. ಅಣೆಕಟ್ಟನ್ನು ನಡೆಸುವಾಗ ಕೆಳಗಿನ ಪ್ರಕೃತಿ ಮತ್ತು ಸಾಂಸ್ಕೃತಿಕ ಸಂಪತ್ತನ್ನೂ ಕಾಪಾಡಬೇಕು ಅಂತ ಅದು ಹೇಳಿತು. ಪರಿಸರ ಪರಿಣಾಮದ ವರದಿ ಸಿದ್ಧ ಮಾಡುವಾಗ ಝುನಿ, ಹೋಪಿ, ಹುಆಲಪೈ, ನವಾಹೊ, ದಕ್ಷಿಣದ ಪೈಯೂಟ್ ಸಮುದಾಯಗಳು ಸಹಭಾಗಿಗಳಾದವು. 1997ರಲ್ಲಿ ಅಣೆಕಟ್ಟು ನಿರ್ವಹಣೆಗೆ ಒಂದು ಸಲಹಾ ಮಂಡಳಿ ಬಂತು. ವಿದ್ಯುತ್ ಇಲಾಖೆ, ರಾಜ್ಯಗಳು, ಪರಿಸರದವರು, ಮೀನು ಹಿಡಿಯುವವರು, ರ‍್ಯಾಫ್ಟಿಂಗ್‌ನವರ ಜೊತೆ ಬುಡಕಟ್ಟುಗಳಿಗೂ ಅಲ್ಲಿ ಜಾಗ ಸಿಕ್ಕಿತು.

ಈ ಏರ್ಪಾಡಿನ ಹೆಸರು ಹೊಂದಾಣಿಕೆಯ ನಿರ್ವಹಣೆ. ಮೊದಲು ಏನಾದರೂ ಮಾಡು, ಫಲಿತಾಂಶ ಅಳೆ, ತಪ್ಪಾದರೆ ಬದಲಿಸು. ಕೇಳಲು ಚೆನ್ನಾಗಿದೆ. 1996ರ ವಸಂತದಲ್ಲಿ ಏಳು ದಿನ 45,000 ಕ್ಯೂಸೆಕ್ ನೀರು ಬಿಟ್ಟು ಕೃತಕ ಪ್ರವಾಹ ಮಾಡಿ, ಮರಳು ದಡಕ್ಕೆ ಏರುತ್ತದಾ ಅಂತ ನೋಡಿದ್ದು ಇದೇ ಮನೋಭಾವದಲ್ಲಿ. ಆದರೆ ಏನನ್ನು ಅಳೆಯುವುದು ಎಂದು ತೀರ್ಮಾನಿಸುವವರು ಯಾರು? ಆ ಮಾತು ಆಗ ಅಷ್ಟಾಗಿ ಏಳಲಿಲ್ಲ.

ಒಡ್ಡು ಕಟ್ಟಿದ ಕೈಗಳು

1990-91ರಲ್ಲಿ ನಡೆದ ಸಮೀಕ್ಷೆಯಲ್ಲಿ ನದಿಯ ಪಕ್ಕದಲ್ಲಿ 475 ಪುರಾತತ್ವ ತಾಣಗಳು ದಾಖಲಾಗಿದ್ದವು. ಮೊದಮೊದಲ ನಿಗಾ ಅಂದರೆ ಈ ತಾಣಗಳ ಸ್ಥಿತಿ ನೋಡುವುದು. ಪುರಾತತ್ವದವರ ಫಾರಮ್ಮಿನಲ್ಲಿ ಕೇಳುತ್ತಿದ್ದುದು ಕೊರಕಲು ಬಿದ್ದಿದೆಯಾ, ಪ್ರವಾಸಿಗಳ ಕಾಲುದಾರಿ ಆಗಿದೆಯಾ, ಗೋಡೆ ಕುಸಿದಿದೆಯಾ ಇಂಥದ್ದು.

ಇಲ್ಲಿ ಝುನಿಗಳು ಕೊಟ್ಟ ಮೊದಲ ಕೊಡುಗೆ ತುಂಬ ಕೈಕೆಲಸದ್ದು, ನನಗೆ ಬಹಳ ಇಷ್ಟವಾದದ್ದೂ ಹೌದು. ಝುನಿ ನಾಡು ಒಣ ನಾಡು. ಅಲ್ಲಿನ ಹಳೆಯ ಬೇಸಾಯ ಮಳೆಯ ಹರಿನೀರನ್ನು ತಡೆದು, ನಿಧಾನ ಮಾಡಿ, ಹೊಲಕ್ಕೆ ಹರಡುವ ಬೇಸಾಯ. ಓಡುವ ನೀರಿಗೆ ಎಲ್ಲಿ ಕೈ ಅಡ್ಡ ಇಡಬೇಕು ಅಂತ ಅವರಿಗೆ ಗೊತ್ತು. 1990ರ ದಶಕದ ಮಧ್ಯದಿಂದ ಝುನಿ ಮಣ್ಣು ಸಂರಕ್ಷಣಾ ತಂಡದವರು ರಾಷ್ಟ್ರೀಯ ಉದ್ಯಾನದವರ ಜೊತೆ ಸೇರಿ ಕಣಿವೆಯ ತಾಣಗಳಲ್ಲಿ ಸಣ್ಣ ಸಣ್ಣ ಒಡ್ಡು ಕಟ್ಟಿದರು. ಸಿಮೆಂಟಿಲ್ಲ, ಯಂತ್ರವಿಲ್ಲ. ಅಲ್ಲೇ ಸಿಗುವ ಪೊದೆಯ ಕಡ್ಡಿ, ಕೊಂಬೆ, ಕಲ್ಲು. ಕೊರಕಲಿಗೆ ಅಡ್ಡಲಾಗಿ ಕಡ್ಡಿಗಳನ್ನು ಒತ್ತಾಗಿ ಹಾಸಿ ನೆಲಕ್ಕೆ ಹಿಡಿಸುವುದು. ಮಳೆನೀರು ಬಂದಾಗ ಅದು ನೀರನ್ನು ಪೂರ್ತಿ ನಿಲ್ಲಿಸುವುದಿಲ್ಲ, ಜರಡಿಯ ಹಾಗೆ ಸೋಸುತ್ತದೆ. ನೀರಿನ ವೇಗ ತಗ್ಗಿದಾಗ ಹೊತ್ತು ತಂದ ಮಣ್ಣು ಅಲ್ಲೇ ಕೂರುತ್ತದೆ. ಕೂತ ಮಣ್ಣೇ ಮುಂದಿನ ಸಲ ತಡೆಯಾಗುತ್ತದೆ.

ಆಮೇಲೆ ಭೂವಿಜ್ಞಾನಿಗಳು ಹೋಗಿ ಅಳೆದು ನೋಡಿದಾಗ ಒಡ್ಡುಗಳು ಸವೆತವನ್ನು ನಿಧಾನ ಮಾಡುವುದು ಕಂಡಿತು. ಆದರೆ ಕಟ್ಟಿಬಿಟ್ಟು ಬಂದರೆ ಆಗದು, ಆಗಾಗ ಹೋಗಿ ಸರಿಮಾಡುತ್ತಿರಬೇಕು. ಒಂದು ದೊಡ್ಡ ಮಳೆಗೆ ಒಡೆದ ಒಡ್ಡನ್ನು ಹಾಗೇ ಬಿಟ್ಟರೆ ಪ್ರಯೋಜನವಿಲ್ಲ.

ಈ ಹಂತದಲ್ಲಿ ಎಲ್ಲರಿಗೂ ಸಮಾಧಾನ ಇತ್ತು. ಅಧಿಕಾರಿಗಳಿಗೆ ಬೇಕಾದದ್ದು ಝುನಿಗಳಿಗೆ ಗೊತ್ತಿತ್ತು, ಕೈ ಜೋಡಿಸಿದರು. ಕೆಳಗೆ ಒಡ್ಡು ಕಟ್ಟಬಹುದು, ಮೇಲೆ ಅಣೆಕಟ್ಟು ಮರಳು ಹಿಡಿಯುತ್ತಲೇ ಇರುತ್ತದಲ್ಲ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಫಾರಮ್ಮಿಗೆ ಒಗ್ಗದ ಮಾತುಗಳು

ಝುನಿ ಸಮುದಾಯ ತನ್ನ ಧಾರ್ಮಿಕ ಹಿರಿಯರ ಒಂದು ಸಲಹಾ ತಂಡ ಮಾಡಿಕೊಂಡಿತು. ಝುನಿಯ ಪರಂಪರೆ ಮತ್ತು ಐತಿಹಾಸಿಕ ಸಂರಕ್ಷಣೆಯ ಕಚೇರಿ ಆ ತಂಡದ ಜೊತೆ ಕೆಲಸ ಮಾಡುತ್ತದೆ. ಹಿರಿಯರು ರ‍್ಯಾಫ್ಟ್‌ನಲ್ಲಿ ಕಣಿವೆಗೆ ಇಳಿಯುತ್ತಾರೆ, ಜಾಗಗಳಿಗೆ ಹೋಗುತ್ತಾರೆ, ಮುಸುಕಿನ ಜೋಳದ ಹಿಟ್ಟು ಅರ್ಪಿಸಿ ಪ್ರಾರ್ಥನೆ ಮಾಡುತ್ತಾರೆ, ನೋಡುತ್ತಾರೆ, ಮಾತಾಡಿಕೊಳ್ಳುತ್ತಾರೆ, ವರದಿ ಬರುತ್ತದೆ. ಹಣ ಬರುವುದು ಕೇಂದ್ರ ಸರ್ಕಾರದಿಂದ.

ಗೊಂದಲ ಶುರುವಾದದ್ದು ಇಲ್ಲೇ. ಪುರಾತತ್ವದ ಭಾಷೆಯಲ್ಲಿ ಅದು ಜನ ಬಿಟ್ಟುಹೋದ ತಾಣ. ಝುನಿ ಹಿರಿಯರ ಪ್ರಕಾರ ಅದನ್ನು ಯಾರೂ ಬಿಟ್ಟುಹೋಗಿಲ್ಲ. ಪೂರ್ವಿಕರು ಅಲ್ಲೇ ಇದ್ದಾರೆ, ಪ್ರಾರ್ಥನೆಯಲ್ಲಿ ಆ ಜಾಗಗಳ ಹೆಸರು ಬರುತ್ತದೆ. ತಾಣಕ್ಕೆ ಒಂದು ಗಡಿ ಎಳೆದು, ನಂಬರು ಕೊಟ್ಟು, ಸ್ಥಿತಿಗೆ ಅಂಕ ಹಾಕುವುದು ಫಾರಮ್ಮಿನ ರೀತಿ. ಹಿರಿಯರು ಹೋಗಿ ನಿಂತರೆ ಗೋಡೆಯ ಜೊತೆಗೆ ಅಲ್ಲಿರುವ ಗಿಡ, ಬಣ್ಣದ ಮಣ್ಣು, ಒರತೆಯ ನೀರು, ಹಕ್ಕಿ, ಚಿಟ್ಟೆ ಎಲ್ಲವನ್ನೂ ಗಮನಿಸುತ್ತಾರೆ. ಅವರಿಗೆ ಇದೆಲ್ಲ ಒಂದೇ.

ಸರ್ಕಾರದ ಏರ್ಪಾಡಿನಲ್ಲಿ ಇವೆಲ್ಲ ಬೇರೆ ಬೇರೆ ಕಪಾಟು. ಗೋಡೆ, ಮಡಕೆ ಚೂರು ಸಾಂಸ್ಕೃತಿಕ ವಿಭಾಗಕ್ಕೆ. ಗಿಡ ಸಸ್ಯದವರಿಗೆ. ಮರಳು ಭೂವಿಜ್ಞಾನದವರಿಗೆ. ಮೀನು ಮೀನಿನವರಿಗೆ. ಝುನಿಗಳ ಮಾತು ಬರುತ್ತಿದ್ದದ್ದು ಮೊದಲ ಕಪಾಟಿಗೆ ಮಾತ್ರ. ಮೀನಿನ ಬಗ್ಗೆ ತೀರ್ಮಾನ ಆಗುವ ಕೋಣೆಯಲ್ಲಿ ಅವರನ್ನು ವಿಷಯ ಬಲ್ಲವರು ಅಂತ ಯಾರೂ ಎಣಿಸಲಿಲ್ಲ. ಯಾರೋ ಬೇಕಂತಲೇ ಹೊರಗಿಟ್ಟರು ಅಂತ ನನಗನ್ನಿಸುವುದಿಲ್ಲ. ಫಾರಮ್ಮಿನಲ್ಲಿ ಕಾಲಂ ಇರಲಿಲ್ಲ, ಅಷ್ಟೇ. ಆದರೆ ಆ ಒಂದು ಕಾಲಂ ಇಲ್ಲದ್ದಕ್ಕೆ ತೆತ್ತ ಬೆಲೆ ದೊಡ್ಡದು.

ಗೂನುಬೆನ್ನಿನ ಮೀನು ಮತ್ತು ಟ್ರೌಟ್

ಹಂಪ್‌ಬ್ಯಾಕ್ ಚಬ್ ಈ ನದಿಯದೇ ಮೀನು. ತಲೆಯ ಹಿಂದೆ ಗೂನು, ಚಿಕ್ಕ ಕಣ್ಣು. ಮೂವತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಕೆಂಪು, ಬೆಚ್ಚಗಿನ, ರಭಸದ ನೀರಿಗೆ ಹೊಂದಿಕೊಂಡು ಬಂದ ಜೀವ. ತಣ್ಣನೆಯ ತಿಳಿನೀರಿನಲ್ಲಿ ಅದರ ಮರಿಗಳು ಸರಿಯಾಗಿ ಬೆಳೆಯಲಾರವು. ಹಾಗಾಗಿ ಅವು ಬೆಚ್ಚಗಿರುವ ಲಿಟಲ್ ಕೊಲರಾಡೊದಲ್ಲಿ, ಅದು ದೊಡ್ಡ ನದಿಗೆ ಸೇರುವ ಜಾಗದಲ್ಲಿ ಉಳಿದುಕೊಂಡಿದ್ದವು. 1989ರಲ್ಲಿ ದೊಡ್ಡ ಚಬ್‌ಗಳು 11,000ದಷ್ಟು ಇದ್ದವು, 2001ರ ಹೊತ್ತಿಗೆ 5,000ದ ಆಸುಪಾಸಿಗೆ ಇಳಿದವು ಅಂತ ಅಂದಾಜು. ಭಯಪಡುವಂಥ ಇಳಿಕೆ.

ರೇನ್‌ಬೋ ಟ್ರೌಟ್ ಇಲ್ಲಿಯದಲ್ಲ. 1920ರ ದಶಕದಲ್ಲೇ ಬ್ರೈಟ್ ಏಂಜಲ್ ತೊರೆಗೆ ಟ್ರೌಟ್ ಬಿಟ್ಟಿದ್ದರು. ಅಣೆಕಟ್ಟು ಆದ ಮೇಲೆ ತಣ್ಣೀರು ಟ್ರೌಟ್‌ಗೆ ಚೆನ್ನಾಗಿ ಒಗ್ಗುತ್ತದೆ ಅಂತ 1964ರಿಂದ ಲೀಸ್ ಫೆರಿಯಲ್ಲಿ ಬಿಟ್ಟರು. ಗಾಳ ಹಾಕುವವರಿಗೆ ಅದೊಂದು ಹೆಸರುವಾಸಿ ಜಾಗವಾಯಿತು. ಟ್ರೌಟ್ ಕೆಳಕ್ಕೂ ಹರಡಿತು. ಚಬ್ ಮರಿಗಳನ್ನು ತಿನ್ನುತ್ತದೆ, ಅವುಗಳ ಆಹಾರಕ್ಕೆ ಪೈಪೋಟಿ ಕೊಡುತ್ತದೆ ಎಂಬ ಆತಂಕ ಬಂತು. ಹಾಗಾಗಿ ಎರಡು ನದಿ ಸೇರುವ ಜಾಗದ ಸುತ್ತ ಟ್ರೌಟ್ ತೆಗೆಯುವ ಯೋಜನೆ ಆಯಿತು. ನಾನು ಮೊದಲು ಹೇಳಿದ ರಾತ್ರಿ ದೋಣಿಗಳು ಅದೇ.

ಕೊಂದ ಮೀನುಗಳನ್ನು ಸುಮ್ನೆ ಬಿಸಾಡಬಾರದು ಎಂಬ ಎಚ್ಚರ ಅಧಿಕಾರಿಗಳಿಗೂ ಇತ್ತು. ಅವುಗಳನ್ನು ಅರೆದು ಹುಆಲಪೈ ಸಮುದಾಯದ ತೋಟಗಳಿಗೆ ಗೊಬ್ಬರವಾಗಿ ಕೊಟ್ಟರು. ಜೀವ ವ್ಯರ್ಥವಾಗಲಿಲ್ಲ, ಬುಡಕಟ್ಟುಗಳ ಆಕ್ಷೇಪಕ್ಕೆ ಪರಿಹಾರ ಸಿಕ್ಕಿತು ಅಂತ ಅವರಿಗೆ ಅನ್ನಿಸಿರಬೇಕು. ಇಲ್ಲಿ ಒಂದು ದೊಡ್ಡ ತಪ್ಪೆಣಿಕೆ ಇದೆ. ಬುಡಕಟ್ಟು ಅಂದರೆ ಒಂದೇ ಮನಸ್ಸಿನ ಗುಂಪು ಅಲ್ಲ. ಒಂದು ಸಮುದಾಯ ಒಪ್ಪಿದ ಪರಿಹಾರ ಇನ್ನೊಂದಕ್ಕೆ ನೋವಾಗಬಹುದು. ಬಂಧುವನ್ನು ಕೊಂದು ಗೊಬ್ಬರ ಮಾಡಿದೆವು ಅಂದರೆ ಝುನಿಗೆ ಅದು ಸಮಾಧಾನ ಆಗುತ್ತದಾ? ಅದೂ ಕೊಂದದ್ದು ಎಲ್ಲಿ? ಝುನಿಯ ನೀರು ಬಂದು ಸೇರುವ, ಹೊಕ್ಕುಳಬಳ್ಳಿಯ ತುದಿಯಲ್ಲೇ.

ತಿರುವು

2003-06ರ ಕೊಲೆ ಮುಗಿದ ಮೇಲೆ 2009ರಲ್ಲಿ ಮತ್ತೊಮ್ಮೆ ದೋಣಿಗಳು ಇಳಿದವು. ಆ ವರ್ಷ ಝುನಿ ಸಮುದಾಯ ತನ್ನ ಆಕ್ಷೇಪವನ್ನು ಅಣೆಕಟ್ಟು ನಡೆಸುವ ಬ್ಯೂರೊ ಆಫ್ ರೆಕ್ಲಮೇಶನ್‌ಗೆ ಅಧಿಕೃತವಾಗಿ ತಿಳಿಸಿತು. ಅವರ ವಾದ ಎರಡು ನೆಲೆಯಲ್ಲಿತ್ತು, ಎರಡನ್ನೂ ಗಮನಿಸಬೇಕು.

ಒಂದು, ಇಷ್ಟು ಜೀವಗಳನ್ನು ಈ ಜಾಗದಲ್ಲಿ ಹೀಗೆ ತೆಗೆದರೆ ಅದರ ಕೆಡುಕು ಝುನಿ ಜನರಿಗೂ ತಟ್ಟುತ್ತದೆ. ಚಬ್ ನಮ್ಮದು, ಟ್ರೌಟ್ ಪರದೇಶಿ ಎಂಬ ಭೇದ ಅವರಿಗಿಲ್ಲ. ನೀರಿಗೆ ಬಂದ ಮೇಲೆ ಎರಡೂ ನೀರಿನ ಜೀವ.

ಎರಡು, ಟ್ರೌಟ್ ತೆಗೆದದ್ದರಿಂದಲೇ ಚಬ್ ಉಳಿಯುತ್ತದೆ ಎಂಬುದಕ್ಕೆ ಪುರಾವೆ ಎಷ್ಟು ಗಟ್ಟಿ? ಅವರು ಕೇಳಿದ್ದು ವಿಜ್ಞಾನದ ಪ್ರಶ್ನೆ, ಅದೂ ಸರಿಯಾದ ಪ್ರಶ್ನೆ. ಚಬ್ ಸಂಖ್ಯೆ ಏರಿದ್ದು ನಿಜ. 2008ಕ್ಕೆ 7,650ರ ಅಂದಾಜು ಬಂದಿತ್ತು. ಆದರೆ ಅದೇ ವರ್ಷಗಳಲ್ಲಿ ಬರದಿಂದ ಜಲಾಶಯ ಇಳಿದು, ನದಿಗೆ ಬರುವ ನೀರು ಸ್ವಲ್ಪ ಬೆಚ್ಚಗಾಗಿತ್ತು. ಮೀನು ತೆಗೆಯದ ಕಡೆಗಳಲ್ಲೂ ಟ್ರೌಟ್ ಕಡಿಮೆಯಾಗಿತ್ತು. ಚಬ್ ಏರಿದ್ದು ಯಾವುದರಿಂದ? ಮೀನು ತೆಗೆದ ವಿಜ್ಞಾನಿಗಳ ಸ್ವಂತ ಬರಹದಲ್ಲೇ ಈ ತೊಡಕಿನ ಒಪ್ಪಿಗೆ ಇದೆ.

2010ರ ಬೇಸಿಗೆಗೆ ಇನ್ನಷ್ಟು ಟ್ರಿಪ್‌ಗಳ ಯೋಜನೆ ಇತ್ತು. ಬ್ಯೂರೊ ಅವನ್ನು ರದ್ದು ಮಾಡಿತು. ನನ್ನ ಪ್ರಕಾರ ಈ ಇಡೀ ಪ್ರಕರಣದಲ್ಲಿ ತೆಗೆದುಕೊಂಡ ಅತಿ ಕಷ್ಟದ ತೀರ್ಮಾನ ಅದು. ಒಂದು ಕಡೆ ಅಳಿವಿನಂಚಿನ ಜೀವಿಗಳ ಕಾಯ್ದೆ, ಚಬ್‌ಗೆ ಏನಾದರೂ ಆದರೆ ಹೊಣೆ ತಮ್ಮದೇ. ಇನ್ನೊಂದು ಕಡೆ ಬುಡಕಟ್ಟುಗಳ ಜೊತೆ ಸಮಾಲೋಚನೆಯ ಕರ್ತವ್ಯ. ಎರಡು ಕಾನೂನುಗಳ ನಡುವೆ ನಿಂತು, ದೋಣಿ ನಿಲ್ಲಿಸಿ ಮೊದಲು ಮಾತಾಡೋಣ ಅಂದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಝುನಿ ಬುಡಕಟ್ಟು ಮಂಡಳಿ ಒಂದು ನಿರ್ಣಯ ಮಾಡಿತು. ಇಡೀ ಗ್ರ್ಯಾಂಡ್ ಕ್ಯಾನ್ಯನ್, ಅದರ ನೀರು, ಗಿಡ, ಪ್ರಾಣಿ, ಮೀನು ಎಲ್ಲ ಸೇರಿ ಝುನಿಗಳ ಸಾಂಪ್ರದಾಯಿಕ ಸಾಂಸ್ಕೃತಿಕ ಆಸ್ತಿ ಎಂದು ಸಾರಿತು.

ಈ ನಿರ್ಣಯವನ್ನು ಬರೀ ಭಾವನೆಯ ಮಾತು ಅಂತ ಓದಬಾರದು. ಅಮೆರಿಕದ ಐತಿಹಾಸಿಕ ಸಂರಕ್ಷಣಾ ಕಾನೂನಿನಲ್ಲಿ ಸಾಂಪ್ರದಾಯಿಕ ಸಾಂಸ್ಕೃತಿಕ ಆಸ್ತಿ ಎಂಬ ವರ್ಗವೇ ಇದೆ. ಅದಕ್ಕೆ ಧಕ್ಕೆಯಾಗುವ ಸರ್ಕಾರಿ ಕೆಲಸಕ್ಕೆ ಸಮಾಲೋಚನೆ ಮಾಡಲೇಬೇಕು. ಇಷ್ಟು ವರ್ಷ ಮೀನಿನ ಕಪಾಟಿನಲ್ಲಿದ್ದ ವಿಷಯವನ್ನು ಝುನಿಗಳು ಕಾನೂನಿನ ಭಾಷೆಯಲ್ಲೇ ಎತ್ತಿ ಸಂಸ್ಕೃತಿಯ ಕಪಾಟಿಗೆ ಇಟ್ಟರು. ತಮ್ಮ ಮಾತನ್ನು ಎದುರಿನವರ ಫಾರಮ್ಮಿಗೆ ಕತ್ತರಿಸಿ ಒಗ್ಗಿಸುವ ಬದಲು ಫಾರಮ್ಮನ್ನೇ ದೊಡ್ಡದು ಮಾಡಿದರು. ಪ್ರಕರಣ ತಿರುಗಿದ್ದು ಇಲ್ಲಿ.

ಮೇಜಿನ ಮೇಲೆ ಹೊಸ ಲೆಕ್ಕ

2010ರ ಕೊನೆಯಲ್ಲಿ ಎಲ್ಲರನ್ನೂ ಕೂರಿಸಿ, ಆಯ್ಕೆಗಳನ್ನು ಒಂದೊಂದಾಗಿ ತೂಗುವ ಕಾರ್ಯಾಗಾರಗಳು ನಡೆದವು. ಚಬ್ ಉಳಿಸುವುದು, ವಿದ್ಯುತ್, ಮೀನುಗಾರಿಕೆ, ಖರ್ಚು ಇವುಗಳ ಜೊತೆಗೆ ಬುಡಕಟ್ಟುಗಳ ಪವಿತ್ರ ಜಾಗ ಮತ್ತು ಮೌಲ್ಯಗಳನ್ನು ಕಾಪಾಡುವುದೂ ಒಂದು ಗುರಿ ಎಂದು ಬರೆದರು. ಪವಿತ್ರವಾದದ್ದನ್ನು ಉಳಿದವುಗಳ ಜೊತೆ ತಕ್ಕಡಿಗೆ ಹಾಕುವುದು ನನಗೆ ಕಸಿವಿಸಿಯ ವಿಷಯವೇ. ಆದರೂ ಲೆಕ್ಕದಲ್ಲೇ ಇಲ್ಲದಿದ್ದದ್ದು ಈಗ ಪಟ್ಟಿಗೆ ಬಂತು.

2012ರಲ್ಲಿ ಬಂದ ತೀರ್ಮಾನದಲ್ಲಿ ಬದಲಾವಣೆ ಕಾಣುತ್ತದೆ. ಮೀನು ತೆಗೆಯಲೇಬೇಕಾದರೆ ಸಾಧ್ಯವಾದಷ್ಟು ಜೀವಂತವಾಗಿ ತೆಗೆದು ಬೇರೆಡೆ ಬಿಡುವುದು. ಎರಡು ನದಿ ಸೇರುವ ಜಾಗವನ್ನು ಬಿಟ್ಟು, ಮೇಲ್ಗಡೆ ಪರಿಯಾ ತೊರೆ ಸೇರುವ ಕಡೆಗೆ ಮೊದಲ ಒತ್ತು ಕೊಡುವುದು. ಇದೂ ಸುಲಭವಾಗಿರಲಿಲ್ಲ. ಇಲ್ಲಿನ ಟ್ರೌಟ್‌ಗಳಲ್ಲಿ ವರ್ಲಿಂಗ್ ಡಿಸೀಸ್ ಎಂಬ ಪರಾವಲಂಬಿ ರೋಗ ಇದೆ. ಜೀವಂತ ಮೀನನ್ನು ಬೇರೆ ನೀರಿಗೆ ಒಯ್ದರೆ ರೋಗವೂ ಜೊತೆಗೆ ಹೋಗುತ್ತದೆ. ಒಳ್ಳೆಯ ಮನಸ್ಸಿನ ಒಪ್ಪಂದ ಕೂಡ ನದಿಗೆ ಇಳಿದಾಗ ಇಂಥ ತೊಡಕಿಗೆ ಸಿಗುತ್ತದೆ.

2016ರ ದೀರ್ಘಾವಧಿ ಯೋಜನೆಯಲ್ಲಿ ಕೆಲಸದ ಅನುಕ್ರಮವೇ ಬದಲಾಯಿತು. ದೊಡ್ಡ ಚಬ್‌ಗಳ ಸಂಖ್ಯೆ 9,000ಕ್ಕಿಂತ ಕೆಳಗೆ ಹೋದರೆ ಮೊದಲು ಚಬ್‌ಗೆ ನೇರ ಸಹಾಯ: ಮರಿಗಳನ್ನು ಹಿಡಿದು ಲಿಟಲ್ ಕೊಲರಾಡೊದ ಮೇಲ್ಭಾಗಕ್ಕೆ ಒಯ್ದು ಬಿಡುವುದು, ಸಾಕಿ ದೊಡ್ಡದು ಮಾಡಿ ಬಿಡುವುದು. ಅದಕ್ಕೂ ಬಗ್ಗದೆ 7,000ಕ್ಕಿಂತ ಇಳಿದರೆ ಮಾತ್ರ ಟ್ರೌಟ್ ತೆಗೆಯುವ ಮಾತು. ಕೊಲ್ಲುವುದು ಮೊದಲ ಹೆಜ್ಜೆಯಾಗಿದ್ದದ್ದು ಕೊನೆಯ ಹೆಜ್ಜೆಯಾಯಿತು. ಬುಡಕಟ್ಟುಗಳ ಮೌಲ್ಯಗಳನ್ನು ಕಾಪಾಡುವುದು ಯೋಜನೆಯ ಗುರಿಗಳಲ್ಲಿ ಒಂದಾಯಿತು. 2021ರಲ್ಲಿ ಚಬ್ ಅಳಿವಿನಂಚಿನ ಪಟ್ಟಿಯಿಂದ ಒಂದು ಮೆಟ್ಟಿಲು ಕಡಿಮೆ ಅಪಾಯದ ಪಟ್ಟಿಗೆ ಬಂತು. ದೋಣಿ ನಿಲ್ಲಿಸಿದರೂ ಚಬ್ ಅಳಿಯಲಿಲ್ಲ.

ಇಂಥ ಕೆಲಸದಲ್ಲಿರುವವರಿಗೆ ನಾನು ಇಲ್ಲಿಂದ ಎತ್ತಿಕೊಡುವುದು ಮೂರು ಮಾತು. ಸ್ಥಳೀಯರನ್ನು ನಿಗಾ ಕೆಲಸಕ್ಕೆ ಕರೆಯುವಾಗ ಫಾರಮ್ಮು ಮೊದಲೇ ಅಚ್ಚಾಗಿದ್ದರೆ, ಅವರ ಕಣ್ಣನ್ನು ಬಾಡಿಗೆಗೆ ಪಡೆದ ಹಾಗಾಗುತ್ತದೆ, ಅವರು ಕಂಡದ್ದು ಬಿಟ್ಟುಹೋಗುತ್ತದೆ. ಏನು ನೋಡಬೇಕು ಅನ್ನುವುದನ್ನು ಅವರೇ ಬರೆಯಲಿ. ಇನ್ನೊಂದು, ಹಿರಿಯರ ಆಕ್ಷೇಪದಲ್ಲಿ ನಂಬಿಕೆಯ ಮಾತಿನ ಪಕ್ಕದಲ್ಲೇ ಗಟ್ಟಿ ತರ್ಕ ಇರುತ್ತದೆ. ಇದು ನಂಬಿಕೆ ಅಂತ ಇಡೀ ಮಾತನ್ನು ಗೌರವದಿಂದಲೇ ಪಕ್ಕಕ್ಕಿಟ್ಟರೆ ಆ ತರ್ಕವೂ ಕೈಬಿಟ್ಟು ಹೋಗುತ್ತದೆ. ಮತ್ತೆ, ಸಮಾಲೋಚನೆಗೆ ಕಾಲ ಬೇಕು. ಝುನಿಗಳು ಮೇಜಿಗೆ ಬಂದದ್ದು 1990ರ ದಶಕದ ಶುರುವಿನಲ್ಲಿ, ದೋಣಿ ನಿಂತದ್ದು 2010ರಲ್ಲಿ. ಆ ನಡುವೆ ಹಲವು ಹಿರಿಯರು ತೀರಿಹೋಗಿರುತ್ತಾರೆ. ವರದಿಯಲ್ಲಿ ಬರದೇ ಹೋದ ಅವರ ಮಾತು ವಾಪಸ್ ಸಿಗುವುದಿಲ್ಲ.

ಮತ್ತೆ ಅದೇ ಪ್ರಶ್ನೆ

ಬರ ಮುಗಿಯಲಿಲ್ಲ. 2022ರ ಹೊತ್ತಿಗೆ ಲೇಕ್ ಪವೆಲ್ ಎಷ್ಟು ಇಳಿಯಿತೆಂದರೆ, ಟರ್ಬೈನುಗಳಿಗೆ ನೀರು ಹೋಗುವ ಬಾಯಿಯ ಹತ್ತಿರಕ್ಕೆ ಜಲಾಶಯದ ಮೇಲ್ಪದರದ ಬೆಚ್ಚಗಿನ ನೀರೇ ಬಂದಿತ್ತು. ಆ ನೀರಿನ ಜೊತೆ ಸ್ಮಾಲ್‌ಮೌತ್ ಬಾಸ್ ಎಂಬ ಮೀನು ಕೆಳಗಿನ ನದಿಗೆ ದಾಟಿತು. ಚಬ್‌ಗೆ ಇದು ಟ್ರೌಟ್‌ಗಿಂತ ಜಾಸ್ತಿ ಅಪಾಯ. ಮೊದಲ ಪ್ರತಿಕ್ರಿಯೆ ಹಳೆಯ ರೀತಿಯದೇ ಆಗಿತ್ತು. ಲೀಸ್ ಫೆರಿಗಿಂತ ಮೇಲೆ, ಬಾಸ್ ಮರಿ ಹಾಕಿದ್ದ ಒಂದು ಹಿನ್ನೀರಿನ ಮಡುವಿಗೆ ಮೀನು ಕೊಲ್ಲುವ ಔಷಧಿ ಹಾಕಿದರು. ಕೊಲ್ಲುವ ಪ್ರಶ್ನೆ ಮತ್ತೆ ಮೇಜಿನ ಮೇಲೆ ಬಂತು.

ಬಾಸ್ ಮೊಟ್ಟೆ ಇಡಲು ನೀರು ಸುಮಾರು 16 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಹಾಗಾದರೆ ನೀರನ್ನೇ ತಣ್ಣಗೆ ಇಟ್ಟರೆ? 2024ರ ಜುಲೈಯಲ್ಲಿ ಅಣೆಕಟ್ಟಿನವರು ಆ ದಾರಿ ಹಿಡಿದರು. ಟರ್ಬೈನುಗಳ ಮೂಲಕ ಬರುವ ನೀರಿಗೆ, ಇನ್ನೂ ಆಳದಲ್ಲಿರುವ ಕೊಳವೆಗಳಿಂದ ತಣ್ಣೀರು ಬೆರೆಸಿ ಬಿಟ್ಟರು. ಆ ಕೊಳವೆಗಳಿಂದ ಹೋದ ನೀರಿನಿಂದ ಕರೆಂಟು ಬರುವುದಿಲ್ಲ. ಅಂದರೆ ಈ ಸಲ ನಷ್ಟ ಹೊತ್ತದ್ದು ಅಣೆಕಟ್ಟು. ಇದಕ್ಕೆ ಕಾರಣಗಳು ಹಲವು, ಝುನಿಗಳ ಮಾತೊಂದೇ ಅಲ್ಲ. ಆದರೆ ಕೆಳಗಿನ ಮೀನಿನ ಮೇಲೆ ಕೈ ಮಾಡುವುದರಲ್ಲೇ ನಿಲ್ಲದೆ, ಈ ಸಲ ಮೇಲಿನ ಅಣೆಕಟ್ಟೂ ತನ್ನ ನಡೆ ಬದಲಿಸಿತು. ನವೆಂಬರ್‌ವರೆಗೆ ಆ ತಣ್ಣೀರು ಲೀಸ್ ಫೆರಿ ದಾಟಿ, ಪರಿಯಾ ದಾಟಿ, 61ನೇ ಮೈಲಿಗೆ ಇಳಿಯುತ್ತಿತ್ತು. ಲಿಟಲ್ ಕೊಲರಾಡೊ ತನ್ನ ಜೊತೆ ಝುನಿಯ ನೀರನ್ನೂ ಕರೆತಂದು ಸೇರುವುದು ಅಲ್ಲಿಯೇ.